ರೂಫಸ್ ಬ್ಯಾಸ್ಕಂನ ಚೆಂಡು ಹಿಡಿದವನು

ನನ್ನ ಮಾವ ಅಲೋಂಜೋ ಟಿಬ್ಸ್‌ಗೆ ಕೂತಲ್ಲಿ ಕೂರಲು ಬರುತ್ತಿರಲಿಲ್ಲ. ಬರ್ಮಿಂಗ್‌ಹ್ಯಾಮಿನ ಉಕ್ಕಿನ ಕಾರ್ಖಾನೆಯಿಂದ ನಿವೃತ್ತನಾದ ಮೇಲಂತೂ ಅದು ಹೆಚ್ಚಾಯಿತು. ಕಾಫಿ ಅರ್ಧ ಕುಡಿದು ಎದ್ದು ಬೀದಿಯ ಕೊನೆಗೆ ಹೋಗುವುದು, ಏನೋ ಮರೆತವನಂತೆ ತಿರುಗಿ ಬರುವುದು, ಬಂದವನು ಮತ್ತೆ ಹೊರಡುವುದು. ಅತ್ತೆ ತೀರಿಕೊಂಡಿದ್ದಳು. ತಡೆಯುವವರು ಯಾರೂ ಇರಲಿಲ್ಲ.

ಪ್ರಾಯದಲ್ಲಿ ಅವನು ಬೇಸ್‌ಬಾಲ್ ಆಡಿದವನು. ಬಿಳಿಯರ ಲೀಗಿನ ಬಾಗಿಲು ನಮಗೆ ಮುಚ್ಚಿದ್ದ ಕಾಲದಲ್ಲಿ, ನಮ್ಮ ಕಪ್ಪು ಜನರ ತಂಡಕ್ಕೆ ಕ್ಯಾಚರ್. ಬ್ಯಾಟುಗಾರನ ಬೆನ್ನಹಿಂದೆ ಕುಕ್ಕರಗಾಲಲ್ಲಿ ಕೂತು, ಪಿಚರ್ ಎಸೆದದ್ದನ್ನು ಹಿಡಿಯುವ ಕೆಲಸ. ಎಸೆಯುತ್ತಿದ್ದವನು ರೂಫಸ್ ಬ್ಯಾಸ್ಕಂ. ಆ ಹೆಸರೆತ್ತಿದರೆ ನಮ್ಮ ಕ್ಷೌರದಂಗಡಿಯಲ್ಲಿ ಈಗಲೂ ಕತ್ತರಿ ನಿಲ್ಲುತ್ತದೆ. ಅವನ ಚೆಂಡು ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಕೇಳುತ್ತದೆ ಅಷ್ಟೇ ಎನ್ನುತ್ತಿದ್ದರು. ಬಾಗಿಲು ತೆರೆಯುವ ಹೊತ್ತಿಗೆ ರೂಫಸ್‌ಗೆ ನಲವತ್ತು ದಾಟಿತ್ತು. ಬಿಳಿಯರ ತಂಡಗಳಿಂದ ಬಂದವರು ಎಳೆಯರನ್ನು ಆರಿಸಿಕೊಂಡು ಹೋದರು. ಆಮೇಲೆ ರೂಫಸ್ ಎಲ್ಲಿ ಹೋದ, ಹೇಗೆ ಸತ್ತ, ಯಾರಿಗೂ ಗೊತ್ತಾಗಲಿಲ್ಲ. ಕ್ಷೌರದಂಗಡಿಯಲ್ಲಿ ಅವನ ಚೆಂಡಿನ ವೇಗ ಮಾತ್ರ ವರ್ಷದಿಂದ ವರ್ಷಕ್ಕೆ ಏರುತ್ತಿತ್ತು.

ಒಂದು ವಸಂತದಲ್ಲಿ ಚರ್ಚಿಗೆ ಬಂದ ಮಿಸಿಸಿಪಿಯ ಪಾದ್ರಿಯೊಬ್ಬರು, ರೂಫಸ್‌ನ ಗೋರಿ ತಮ್ಮೂರ ಹತ್ತಿ ಹೊಲಗಳ ನಡುವೆ ಇದೆ, ಗುರುತಿಗೆ ನೆಟ್ಟ ಮರದ ಶಿಲುಬೆ ಗೆದ್ದಲು ಹಿಡಿದು ಬಿದ್ದಿದೆ ಎಂದರು. ಮಾವ ಅಂದಿನಿಂದ ನಿದ್ದೆಗೆಟ್ಟ. ಕಾರ್ಖಾನೆಯ ಹಳೆಯ ಗೆಳೆಯರ ಬೆನ್ನುಹತ್ತಿ ಹಣ ಕೂಡಿಸಿ ಒಂದು ಕಲ್ಲು ಕೆತ್ತಿಸಿದ: "ರೂಫಸ್ ಬ್ಯಾಸ್ಕಂ. ಇವನಂತೆ ಎಸೆದವರಿಲ್ಲ." ಅದನ್ನು ನನ್ನ ಕಾರಿನ ಡಿಕ್ಕಿಗೆ ಏರಿಸಿ, "ನಡಿಯೇ ಲೊರೀನ್" ಎಂದ. ದಾರಿಯುದ್ದಕ್ಕೂ ಕಿಟಕಿ ಏರಿಸುತ್ತ ಇಳಿಸುತ್ತ ನನ್ನ ತಲೆ ತಿಂದ.

ಪಾದ್ರಿ ಹೇಳಿದ್ದ ಮನೆ ಮುಟ್ಟಿದಾಗ ರೂಫಸ್‌ನ ತಂಗಿ ಅರ್ಡೆಲ್ಲಾ ಜಗಲಿಯಲ್ಲಿ ಬಟಾಣಿ ಸುಲಿಯುತ್ತಿದ್ದಳು. ಡಿಕ್ಕಿಯಲ್ಲಿದ್ದ ಕಲ್ಲನ್ನು ಇಳಿದು ಬಂದು ನೋಡಿದಳು, ಓದಿದಳು, ಮತ್ತೆ ಹೋಗಿ ಕೂತಳು.

"ವಾಪಸ್ ತಗೊಂಡ್ಹೋಗಿ."

"ಅಮ್ಮಾ, ಅವನ ಚೆಂಡು ಹಿಡೀತಿದ್ದೋನು ನಾನು."

"ಚೆಂಡು ಹಿಡಿದ್ರಲ್ಲ, ಅವನನ್ನೂ ಹಿಡಿದು ಮನೇಗೆ ಕಳಿಸಬೇಕಿತ್ತು. ಅವ್ವ ಹಾಸಿಗೆ ಹಿಡಿದಾಗ ಹಗಲೆಲ್ಲ ಹತ್ತಿ ಬಿಡಿಸಿ, ಬಂದು ಅವಳ ಮೈ ತೊಳೆದೋಳು ನಾನು. ಮಣ್ಣಿಗೂ ಬರಲಿಲ್ಲ ನಿಮ್ಮ ರೂಫಸ್. ಕೊನೇಗೆ ಕೆಮ್ಮಿಕೊಂಡು ಬಂದು ಅವಳ ಪಕ್ಕದಲ್ಲೇ ಮಲಗಿದ. ಅವಳಿಗೆ ಒಂದು ಕಲ್ಲಿಲ್ಲ, ಇವನಿಗೆ ಹೊಗಳಿ ಬರೆದ ಕಲ್ಲು."

ಮಾವ ಅಂಗಳದಲ್ಲಿ ಅತ್ತಿಂದಿತ್ತ ನಡೆಯತೊಡಗಿದ. ಕೋಳಿಗಳು ಚದುರಿದವು. ಜಗಳಕ್ಕೇ ಹೋಗುತ್ತಾನೆಂದು ನಾನು ಹೆದರಿದೆ. ಅವನು ಬಂದು ಮೆಟ್ಟಿಲ ಬಳಿ ನಿಂತ.

"ಹೌದಮ್ಮ, ಬರಲಿಲ್ಲ. ನಾನೂ ಕಳಿಸಲಿಲ್ಲ."

ಅರ್ಡೆಲ್ಲಾ ಬಟಾಣಿ ಬುಟ್ಟಿಯನ್ನು ಮಡಿಲಿಗೆ ಎಳೆದುಕೊಂಡಳು. ಆಮೇಲೆ ತಲೆಯೆತ್ತದೆ ಕೇಳಿದಳು: "ನಿಜವಾಗ್ಲೂ ಅಷ್ಟು ಚೆನ್ನಾಗಿ ಎಸೀತಿದ್ನಾ? ನಾನು ಒಂದ್ಸಲಾನೂ ನೋಡಿಲ್ಲ."

ಮಾವ ಬಲಗೈ ಚಾಚಿದ. ಅದರ ಒಂದು ಬೆರಳೂ ನೆಟ್ಟಗಿರಲಿಲ್ಲ. ಒಂದು ಹೊರಗೆ ಹೊರಳಿತ್ತು, ಇನ್ನೊಂದು ಕೊಕ್ಕೆಯಾಗಿತ್ತು.

"ಬ್ಯಾಟಿನ ಅಂಚಿಗೆ ತಾಗಿ ತಿರುಗಿದ ಚೆಂಡುಗಳು ಮಾಡಿದ್ದು. ಇದು ಮೆಂಫಿಸ್‌ನಲ್ಲಿ ಮುರೀತು. ಇದು ಅಟ್ಲಾಂಟಾದಲ್ಲಿ."

ಅವಳು ಬುಟ್ಟಿ ಬದಿಗಿಟ್ಟು ಒಂದೊಂದೇ ಬೆರಳು ಮುಟ್ಟಿ ನೋಡಿದಳು. "ಇಷ್ಟಾದ್ರೂ ಬಿಟ್ಟು ಹೋಗಲಿಲ್ವಾ?"

"ಎಲ್ಲಿ ಕೂತ್ರೂ ಎದ್ದು ಹೋಗಬೇಕು ಅನ್ನಿಸುತ್ತೆ ತಾಯಿ ನಂಗೆ. ಮನೇಲೂ ಅಷ್ಟೇ, ಚರ್ಚಲ್ಲೂ ಅಷ್ಟೇ. ಅವನ ಎದುರಿಗೆ ಕೂತಾಗ ಮಾತ್ರ ಅನ್ನಿಸ್ತಿರಲಿಲ್ಲ."

ಅವಳು ಅವನ ಕೈ ಬಿಡದೆ ಕಾರಿನ ಕಡೆ ನೋಡಿದಳು. "ಕಲ್ಲಿನ ಹಿಂಬದಿ ಖಾಲಿ ಇದ್ಯಾ?"

"ಇದೆ."

"ಹಾಗಿದ್ರೆ ಅಲ್ಲಿ ಅವ್ವನ ಹೆಸರು ಕೆತ್ತಿಸ್ಕೊಂಡು ಬನ್ನಿ. ಹೆಟ್ಟಿ ಬ್ಯಾಸ್ಕಂ."

"ಹೆಸರಿನ ಕೆಳಗೆ ಏನಂತ ಬರೆಸಲಿ?"

"ಏನೂ ಬೇಡ. ಅವಳು ಎಂಥೋಳು ಅಂತ ಯಾರಿಗೂ ಅನುಮಾನ ಇಲ್ಲ."

ಕಲ್ಲನ್ನು ಹೊತ್ತು ಬರ್ಮಿಂಗ್‌ಹ್ಯಾಮಿಗೆ ವಾಪಸು ಬಂದೆವು. ಮಾವ ಕಲ್ಲುಕೆತ್ತುವವನನ್ನು ಎಷ್ಟು ಪೀಡಿಸಿದನೆಂದರೆ, ಆತ ಕೊನೆಗೆ ಒಳಗಿಂದ ಚಿಲಕ ಹಾಕಿಕೊಂಡು ಕೆಲಸ ಮುಗಿಸಿದ. ಹತ್ತಿ ಬಿರಿಯುವ ಹೊತ್ತಿಗೆ ಮತ್ತೆ ಹೋಗಿ, ಎರಡು ಗೋರಿಗಳ ನಡುವೆ ಗುಂಡಿ ತೋಡಿ ನೆಟ್ಟೆವು. ಯಾವ ಮಗ್ಗುಲು ರಸ್ತೆಗೆ ಎಂದು ಮಾವ ವಾದಿಸಲಿಲ್ಲ, ಅರ್ಡೆಲ್ಲಾ ಹೇಳಿದಂತೆ ತಿರುಗಿಸಿದ. ಈಗ ರೂಫಸ್‌ನನ್ನು ನೋಡಲು ಬರುವವರಿಗೆ ಮೊದಲು ಸಿಗುವವಳು ಹೆಟ್ಟಿ. ಸುತ್ತು ಹಾಕಿ ಹಿಂದೆ ಹೋದರೆ ಮಗ.

ಮಣ್ಣು ತುಳಿದು ಗಟ್ಟಿ ಮಾಡಿದ್ದೇ ತಡ, ಮಾವ ಪ್ಯಾಂಟು ಕೊಡವಿಕೊಂಡು ಕಾರಿನತ್ತ ನಡೆದ.

"ಊಟಕ್ಕೆ ಮೀನು ಕರಿದಿದ್ದೀನಿ, ಎಲ್ಲಿಗೆ ಅವಸರ?" ಎಂದಳು ಅರ್ಡೆಲ್ಲಾ.

"ನಮ್ಮ ತಂಡದಲ್ಲಿ ವರ್ಜಿಲ್ ಪೀಕ್ಸ್ ಅಂತಿದ್ದ, ಗಾಳಿ ಥರ ಓಡ್ತಿದ್ದ. ಜಾರ್ಜಿಯಾದಲ್ಲಿ ಎಲ್ಲೋ ಮಲಗಿದಾನಂತೆ, ಗುರುತೇ ಇಲ್ವಂತೆ."

"ಅವನಿಗೂ ಅಕ್ಕನೋ ತಂಗಿಯೋ ಇರ್ತಾಳೆ. ಮೊದಲು ಅವಳನ್ನ ಕೇಳಿ, ಆಮೇಲೆ ಕಲ್ಲು ಕೆತ್ತಿಸಿ."

ಮಾವ ಹೂಂ ಎಂದು ತಲೆಯಾಡಿಸಿದ. ಮೀನನ್ನು ನಿಂತೇ ತಿಂದ.