ಗೋಡೆಯ ಮೇಲಿನ ಎಂಟು ಡಿಗ್ರಿ

2012ರಲ್ಲಿ ನಾನು ಮರಾಠಿ ಸೀಮೆಯ ನಿಫಾಡ್ ಹತ್ತಿರದ ಒಂದು ದ್ರಾಕ್ಷಿ ತೋಟದಲ್ಲಿ ಮುಕಾದಮಳಾಗಿದ್ದೆ. ಅಂದರೆ ಆಳುಗಳ ಮುಖ್ಯಸ್ಥೆ. ನನ್ನ ಕೈಕೆಳಗೆ ಹದಿನಾಲ್ಕು ಹೆಂಗಸರು, ಎಲ್ಲರೂ ಕಲಬುರಗಿ, ಬೀದರ ಕಡೆಯವರು. ಸಾಹೇಬರೂ ಬೀದರದವರೇ. ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಇಂಜಿನಿಯರ್ ಆಗಿದ್ದವರು, ನಿವೃತ್ತರಾದ ಮೇಲೆ ತೋಟ ಮಾಡಿದ್ದರು. ನನಗೆ ಓದು ಬಸ್ಸಿನ ಬೋರ್ಡಿನಷ್ಟೇ. ಆದರೆ ಕೆಲಸದಲ್ಲಿ ಯಾರಿಂದಲೂ ಹೇಳಿಸಿಕೊಂಡವಳಲ್ಲ.

ಆ ಹೊತ್ತಿಗೆ ಹವಾಮಾನ ಹದ ತಪ್ಪಿತ್ತು. ನವೆಂಬರಿನಲ್ಲಿ ಮಳೆ, ಡಿಸೆಂಬರಿನಲ್ಲಿ ಸೆಕೆ. ಬೇಸಿಗೆಯಲ್ಲಿ ಬಳ್ಳಿಯೊಳಗೆ ಗೂಡು ಕಟ್ಟುತ್ತಿದ್ದ ಪಿಕಳಾರ ಹಕ್ಕಿ ಚಳಿಗಾಲದಲ್ಲೇ ಕಟ್ಟತೊಡಗಿತ್ತು. ಗೂಡಿದ್ದ ಕಡೆ ತಂತಿಗೆ ಕೆಂಪು ಚಿಂದಿ ಕಟ್ಟುವುದು ನಮ್ಮ ರೂಢಿ, ಕತ್ತರಿ ಆಡಿಸುವವರು ನೋಡಿ ಬಿಡಲಿ ಎಂದು. ಭೂಮಿ ಬಿಸಿಯಾಗುತ್ತಿದೆ ಎಂದು ಸಾಹೇಬರು ಹೇಳುತ್ತಿದ್ದರು.

"ಬಿಸಿ ಆದ್ರ ಈ ಥಂಡಿ ಎಲ್ಲಿಂದ ಬಂತ್ರಿ?" ಎಂದು ಒಮ್ಮೆ ಕೇಳಿದೆ.

"ಥಂಡಿ ಹೋಗಂಗಿಲ್ಲ ನಾಗಮ್ಮ. ಯಾವಾಗ ಬರ್ತದ, ಎಷ್ಟು ಬರ್ತದ, ಅದರ ಲೆಕ್ಕ ತಪ್ತದ."

ದ್ರಾಕ್ಷಿಗೆ ಆ ಲೆಕ್ಕವೇ ಜೀವ. ಹಣ್ಣಿನಲ್ಲಿ ರಸ ತುಂಬಿದಾಗ ಗಟ್ಟಿ ಥಂಡಿ ಬಿದ್ದರೆ ಸಿಪ್ಪೆ ಬಿರಿಯುತ್ತದೆ. ಬಿರಿದ ಗೊಂಚಲನ್ನು ವ್ಯಾಪಾರಿ ಮುಟ್ಟುವುದಿಲ್ಲ. ಅದಕ್ಕೆ ಸಾಲುಗಳ ನಡುವೆ ಕಡ್ಡಿ, ಹುಲ್ಲು ಒಟ್ಟಿಟ್ಟು, ಥಂಡಿಯ ದಿನ ಸೂರ್ಯ ಹುಟ್ಟುವ ಮುಂಚೆ ಬೆಂಕಿ ಹಚ್ಚುತ್ತೇವೆ.

ಹಚ್ಚುವ ದಿನವನ್ನು ಹೇಳುತ್ತಿದ್ದವಳು ನಾನು. ಕೈಗೆ ಸವರಿಕೊಳ್ಳುವ ಶೇಂಗಾ ಎಣ್ಣೆಯ ಬಾಟಲಿಯನ್ನು ಹಳ್ಳದ ಕಡೆಯ ತಗ್ಗು ಸಾಲಿನ ಕಂಬಕ್ಕೆ ಕಟ್ಟಿರುತ್ತಿದ್ದೆ. ಎಣ್ಣೆ ಬೆಳ್ಳಗೆ ಮಬ್ಬಾದರೆ ಬೆಂಕಿ, ತಿಳಿಯಾಗಿದ್ದರೆ ಇಲ್ಲ. ಸಾಹೇಬರು ಗೇಟಿನಿಂದಲೇ ಕೂಗುತ್ತಿದ್ದರು: "ನಾಗಮ್ಮ, ಎಣ್ಣಿ ಏನಂತದ?" ಹನ್ನೊಂದು ವರ್ಷ ಹಾಗೆ ಕೇಳಿದರು.

ಆ ವರ್ಷ ಅವರು ಥರ್ಮಾಮೀಟರ್ ತಂದು ಪಂಪಿನ ಮನೆಯ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದರು. ಓದಲು ಮಹಾದೇವಿಯನ್ನು ನೇಮಿಸಿದರು. ಅವಳನ್ನು ಆಳಂದದಿಂದ ಕರೆತಂದವಳು ನಾನು, ಕತ್ತರಿ ಹಿಡಿಯಲು ಕಲಿಸಿದವಳೂ ನಾನು. ಏಳನೇ ಇಯತ್ತೆ ಓದಿದ್ದಳು. ದಿನಾ ನಸುಕಿನಲ್ಲಿ ಅಂಕಿ ನೋಡಿ ವಹಿಯಲ್ಲಿ ಬರೆಯುತ್ತಿದ್ದಳು. ಸಾಹೇಬರ ಮನೆಯಿಂದ ಅವಳಿಗೆ ಕಪ್ಪಿನಲ್ಲಿ ಚಹಾ ಬರತೊಡಗಿತು. ನನಗೆ ಅದೇ ಹಳೆಯ ಸ್ಟೀಲ್ ಲೋಟ. ಎಣ್ಣೆಯ ಮಾತನ್ನು ಯಾರೂ ಎತ್ತಲಿಲ್ಲ. ಮುಂದಿನ ಸೀಸನ್ನಿಗೆ ಮುಕಾದಮಿಕೆ ಮಹಾದೇವಿಗೆ ಎಂದು ಸಾಹೇಬರು ಎಲ್ಲರ ಮುಂದೆ ಹೇಳಿದ ದಿನ ನನಗೆ ರೊಟ್ಟಿ ಇಳಿಯಲಿಲ್ಲ.

ಜನವರಿಯ ಒಂದು ನಸುಕು. ಹೆಂಗಸರು ಒಟ್ಟಲುಗಳ ಹತ್ತಿರ ಬೆಂಕಿಪೆಟ್ಟಿಗೆ ಹಿಡಿದು ನಿಂತಿದ್ದರು. ಮಹಾದೇವಿ ಗೋಡೆಯ ಹತ್ತಿರದಿಂದ ಕೂಗಿದಳು: "ಎಂಟು ಅದ್ರಿ ಸಾಹೇಬ್ರ."

"ಐದರ ಕೆಳಗ ಬಂದ್ರ ನೋಡೋಣ. ಈಗ ಬೆಂಕಿ ಬ್ಯಾಡ," ಎಂದರು ಸಾಹೇಬರು.

ನಾನು ತಗ್ಗಿನ ಕಂಬದ ಹತ್ತಿರವಿದ್ದೆ. ಬಾಟಲಿಯಲ್ಲಿ ಎಣ್ಣೆ ಮಜ್ಜಿಗೆಯಂತೆ ಬೆಳ್ಳಗಾಗಿತ್ತು. ದಿನವೆಲ್ಲ ಬಿಸಿಲುಂಡ ಗೋಡೆ ನಸುಕಿನವರೆಗೂ ಬೆಚ್ಚಗಿರುತ್ತದೆ. ಥಂಡಿಯೋ ನೀರಿನ ಹಾಗೆ ಇಳಿದು ತಗ್ಗಿನಲ್ಲಿ ನಿಲ್ಲುತ್ತದೆ. ಇದು ನನಗೆ ಗೊತ್ತಿತ್ತು. ಒಂದು ಮಾತು ಸಾಕಿತ್ತು. ಅವಳ ಎಂಟು ಮಣ್ಣುಗೂಡಲಿ ಎಂದು ಬಾಯಿ ಮುಚ್ಚಿಕೊಂಡೆ.

ಅಂದು ಬಿಸಿಲೇರಿದಾಗ ಕೆಂಪು ಚಿಂದಿ ಕಟ್ಟಿದ್ದ ಗೂಡಿನಲ್ಲಿ ಮೂರು ಮರಿ ಸೆಟೆದು ಸತ್ತಿದ್ದವು. ಯಾರಾದರೂ ನೋಡಿ ಥಂಡಿಯ ಮಾತು ತೆಗೆದಾರೆಂದು ಗೂಡನ್ನು ಕಿತ್ತು ಹಳ್ಳಕ್ಕೆ ಎಸೆದೆ. ಎರಡೇ ದಿನದಲ್ಲಿ ತಗ್ಗಿನ ನಲವತ್ತು ಸಾಲಿನ ಹಣ್ಣು ಬಿರಿದು ರಸ ಸೋರಿತು. ಇರುವೆ ಮುತ್ತಿದವು.

"ನೋಡದೇ ಬರದಿ ಹೌದಿಲ್ಲೊ?" ಎಂದು ಸಾಹೇಬರು ವಹಿಯನ್ನು ಮಹಾದೇವಿಯ ಕಾಲ ಬಳಿ ಒಗೆದರು.

"ಎಂಟೇ ಇತ್ರಿ. ನನ್ನ ಕೂಸಿನ ಆಣಿ."

ಅವಳನ್ನು ಅಂದೇ ಕೆಲಸದಿಂದ ಬಿಡಿಸಿದರು. ಗಂಟು ಕಟ್ಟಿಕೊಂಡು ತಗ್ಗಿನ ಸಾಲಿಗೆ ನನ್ನ ಹತ್ತಿರ ಬಂದಳು. "ಅಕ್ಕಾ, ಆವತ್ತು ನಿಮ್ಮ ಎಣ್ಣಿ ಹ್ಯಾಂಗಿತ್ರಿ?"

"ಬಾಟ್ಲಿ ಮನ್ಯಾಗ ಮರತಿದ್ದೆ."

ಬಾಟಲಿ ಅವಳ ಭುಜದ ಪಕ್ಕದ ಕಂಬದಲ್ಲೇ ತೂಗುತ್ತಿತ್ತು. ಅದಕ್ಕೆ ಹೆಣೆದ ಹಗ್ಗದ ಮೇಲೆ ಹಲವು ದಿನದ ಧೂಳು ಕೂತಿತ್ತು. ಅದನ್ನು ನೋಡಿದಳು, ನನ್ನನ್ನು ನೋಡಿದಳು, ನಡೆದಳು.

ಮುಕಾದಮಿಕೆ ನನಗೇ ಉಳಿಯಿತು. ಮರುವರ್ಷ ಜನವರಿಯಲ್ಲಿ ಎಣ್ಣೆ ಮತ್ತೆ ಬೆಳ್ಳಗಾಯಿತು. ನಾನು ಬೆಂಕಿ ಹಚ್ಚಿಸಿದೆ. ಸಾಹೇಬರು ಓಡಿ ಬಂದರು.

"ಗ್ವಾಡಿ ಮ್ಯಾಲ ಎಂಟು ಅದ. ಯಾರಿಗೆ ಕೇಳಿ ಹಚ್ಚಿದಿ?"

"ಗ್ವಾಡಿ ಬೆಚ್ಚಗಿರ್ತದ್ರಿ ಸಾಹೇಬ್ರ. ತಗ್ಗಿನ ಥಂಡಿ ಅದಕ್ಕ ತಿಳಿಯಂಗಿಲ್ಲ."

ಅವರು ಇಂಜಿನಿಯರ್. ಗೋಡೆ ಮುಟ್ಟಿ ನೋಡಿದರು, ಥರ್ಮಾಮೀಟರನ್ನು ಕಿತ್ತುಕೊಂಡು ತಗ್ಗಿಗೆ ಒಯ್ದರು. ಸ್ವಲ್ಪ ಹೊತ್ತಿಗೆ ಅದು ನಾಲ್ಕಕ್ಕೆ ಬಂತಂತೆ. ಅದನ್ನು ಹಿಡಿದೇ ನನ್ನ ಹತ್ತಿರ ಬಂದರು. ಆಮೇಲೆ ಕೇಳಿದರು: "ಹೋದ ವರ್ಷ ಇದು ನಿನಗ ಗೊತ್ತಿತ್ತೇನು?"

"ಗೊತ್ತಿತ್ರಿ."

ಬೆಂಕಿ ಆರುವವರೆಗೆ ಕೆಲಸ ಮಾಡಿಸಿದರು. ಆಮೇಲೆ ಲೆಕ್ಕ ಮುಗಿಸಿ ಕಳಿಸಿದರು. ಮಹಾದೇವಿಗೆ ಹೇಳಿಕಳಿಸಿದರಂತೆ. ಅವಳು ಬರಲಿಲ್ಲ. ಅಷ್ಟರಲ್ಲಿ ಅವಳು ನದಿ ದಂಡೆಯ ದೊಡ್ಡ ತೋಟದ ಮುಕಾದಮಳಾಗಿದ್ದಳು. ತೋಟ ಬಿಟ್ಟು ಹೊರಟ ಬಸ್ಸಿನಿಂದ ಅವಳ ತೋಟ ಕಂಡೆ: ತೀರ ತಗ್ಗಿನ ಕಂಬದಲ್ಲಿ ಥರ್ಮಾಮೀಟರ್, ಅದರ ಮಗ್ಗುಲಿಗೆ ಎಣ್ಣೆಯ ಬಾಟಲಿ.

ಈಗ ಮರಾಠಿ ಸೀಮೆಯಲ್ಲೇ ಕನ್ನಡ ಎಂಬ ಹೆಸರಿನ ತಾಲೂಕಿನಲ್ಲಿ ಮಗಳ ಮನೆಯಲ್ಲಿದ್ದೇನೆ. ಮಹಾದೇವಿಯ ಕಂಬದ ಆ ಬಾಟಲಿ ನೆನೆದರೆ ಇಂದಿಗೂ ಹೊಟ್ಟೆ ಉರಿಯುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ಕೆಲಸ ಕಲಿಸಿದ್ದು ಇಷ್ಟು: ಥಂಡಿ ಅಳೆಯುವುದಾದರೆ ತಗ್ಗಿನಲ್ಲಿ ಅಳೆಯಬೇಕು. ಕಂಡದ್ದನ್ನು ಆ ಕ್ಷಣವೇ ಕೂಗಿ ಹೇಳಬೇಕು, ಹೆಸರು ಯಾರಿಗಾದರೂ ಬರಲಿ. ಮರುವರ್ಷ ಹೇಳಿದರೆ ಬಿರಿದ ಹಣ್ಣು ಕೂಡುವುದಿಲ್ಲ.