ಕಲ್ಲಪ್ಪನನ್ನು ಸೈಡಿಗೆ ಹಾಕಿದ್ದು

ಟಿ.ವಿ.ಯಲ್ಲಿ ಫುಟ್ಬಾಲ್ ನೋಡುವಾಗ ನನಗೊಂದು ಕೆಟ್ಟ ಚಾಳಿಯಿದೆ. ಯಾವುದೋ ದೇಶದ ಕೋಚು, ಗೋಲು ಹೊಡೆಯುವುದೇ ಕಸುಬಾದ ಆಟಗಾರನೊಬ್ಬನನ್ನು ನಡುವಿನಿಂದ ಎತ್ತಿ ಮೈದಾನದ ಅಂಚಿಗೆ ಹಾಕಿದ ಎಂದುಕೊಳ್ಳಿ. ಪರಿಣತರು ಕೂತು ಅದಕ್ಕೆ ಹತ್ತಾರು ಕಾರಣ ಹೇಳುತ್ತಾರೆ, ಬಾಣದ ಗುರುತು ಹಾಕಿ ತೋರಿಸುತ್ತಾರೆ. ನಾನು ಮಾತ್ರ, ಅದೆಲ್ಲ ಸುಳ್ಳು, ಆ ಕೋಚಿಗೆ ಇವನ ಮೇಲೆ ಹೊಟ್ಟೆಕಿಚ್ಚು ಎಂದು ತೀರ್ಪು ಕೊಟ್ಟುಬಿಡುತ್ತೇನೆ. "ನಿಮಗ್ಯಾರ ಹೇಳಿದ್ರು?" ಎಂದು ಹೆಂಡತಿ ಕೇಳುತ್ತಾಳೆ. ಯಾರೂ ಹೇಳಬೇಕಾಗಿಲ್ಲ. ಎಂಬತ್ತರ ದಶಕದ ಕೊನೆಯಲ್ಲಿ ಚಿಕ್ಕೋಡಿಯಲ್ಲಿ ಆ ಕೆಲಸವನ್ನು ನಾನೇ ಮಾಡಿದ್ದೇನೆ.

ಆಗ ನಾನು ನಮ್ಮೂರ ತಂಡದ ಕ್ಯಾಪ್ಟನ್. ಆಟ ಚೆನ್ನಾಗಿ ಬರುತ್ತಿತ್ತು ಎಂದಲ್ಲ, ಚೆಂಡು ನನ್ನದಾಗಿತ್ತು. ಅಪ್ಪನದು ನೋಟ್‌ಬುಕ್ಕು, ಪೆನ್ನು, ಶಾಯಿ ಮಾರುವ ಅಂಗಡಿ. ಮಾಲು ತರಲು ನಾನು ಆಗಾಗ ಕೊಲ್ಹಾಪುರಕ್ಕೆ ಹೋಗುತ್ತಿದ್ದೆ. ಅಲ್ಲಿಯವರಿಗೆ ಫುಟ್ಬಾಲ್ ಎಂದರೆ ಊಟ ಬಿಟ್ಟು ಓಡುವಷ್ಟು ಹುಚ್ಚು. ಒಂದು ಸಲ ಅಲ್ಲಿ ಪಂದ್ಯ ನೋಡಿ ತಲೆಕೆಟ್ಟು, ನೋಟ್‌ಬುಕ್ಕಿನ ಗಂಟಿನ ಜೊತೆ ಒಂದು ಚೆಂಡನ್ನೂ ಬಗಲಲ್ಲಿ ಇರುಕಿಕೊಂಡು ಬಂದೆ. ಚೆಂಡಿನ ಸುತ್ತ ತಂಡ ತಾನಾಗಿ ಹುಟ್ಟಿತು. ನಾನಿಲ್ಲದಿದ್ದರೆ ಆಟ ನಡೆಯುವುದಿಲ್ಲ ಎಂಬ ಒಂದೇ ಅರ್ಹತೆಯ ಮೇಲೆ ಕ್ಯಾಪ್ಟನ್ ಆದೆ.

ಪತ್ರಿಕೆಗಳ ಕನ್ನಡದಲ್ಲಿ ಮುನ್ಪಡೆ, ಮಧ್ಯಪಡೆ ಎಂದೆಲ್ಲ ಒಳ್ಳೊಳ್ಳೆಯ ಶಬ್ದಗಳಿವೆ. ಓದಿದರೆ ಕುದುರೆ, ಕತ್ತಿಯೆಲ್ಲ ಕಣ್ಣಿಗೆ ಬರುತ್ತವೆ. ನಮ್ಮಲ್ಲಿ ಮುಂದಿನಾಂವ, ಹಿಂದಿನಾಂವ, ಸೈಡಿನಾಂವ, ಇಷ್ಟೇ. ಮುಂದಿನಾಂವ ಗೋಲು ಹೊಡೆಯುವವ. ಸೈಡಿನಾಂವ ಎಂದರೆ ಸುಣ್ಣದ ಗೆರೆಗುಂಟ ಹಿಂದೆ ಮುಂದೆ ಓಡಿ, ಚೆಂಡನ್ನು ಬೇರೆಯವರಿಗೆ ಮುಟ್ಟಿಸಿ, ಮತ್ತೆ ಓಡಿ ಬಂದು ಕಾಯುವವ. ಮದುವೆಯ ಫೋಟೋದಲ್ಲಿ ಕೊನೆಗೆ ನಿಂತ ನೆಂಟನ ಪಾಡು ಅವನದು. ಅರ್ಧ ಭುಜ ಕಂಡರೆ ಕಂಡಿತು. ಆ ಅರ್ಧ ಭುಜ ನನ್ನದೇ ಆಗಿತ್ತು.

ಮುಂದಿನಾಂವ ಹತ್ತಿರದ ಕರೋಶಿ ಹಳ್ಳಿಯ ಕಲ್ಲಪ್ಪ. ಕಬ್ಬಿನ ಹೊಲದ ಹುಡುಗ, ಮಾತು ಕಡಿಮೆ, ನನ್ನ ಹೈಸ್ಕೂಲಿನ ಗೆಳೆಯ. ಚೆಂಡು ಅವನ ಕಾಲಿಗೆ ಬಂದರೆ ಸಾಕಿದ ನಾಯಿಯಂತೆ ಅಲ್ಲೇ ಕೂರುತ್ತಿತ್ತು. ಅವನು ಗೋಲು ಹೊಡೆದ ಮರುದಿನ ನಮ್ಮ ಅಂಗಡಿಯಲ್ಲಿ ಅದೇ ಸುದ್ದಿ. ಶಾಯಿ ಒಯ್ಯಲು ಬಂದ ಮಾಸ್ತರರು ಕೂಡ, "ಏನ್ ಹೊಡದಾನಪ್ಪಾ ನಿಮ್ಮ ಕಲ್ಲಪ್ಪ!" ಎನ್ನುವರು. ನಾನು ಶಾಯಿ ಕಟ್ಟಿಕೊಡುತ್ತ ಹ್ಞೂಂ ಎನ್ನುತ್ತಿದ್ದೆ. ಅದನ್ನೂ ತಡೆದುಕೊಂಡಿದ್ದೆ. ಒಂದು ಭಾನುವಾರ ಅಪ್ಪ ಮೊದಲ ಸಲ ಆಟ ನೋಡಲು ಬಂದರು. ಮನೆಗೆ ಬಂದ ಮೇಲೆ ಕಾಲು ತೊಳೆಯುತ್ತ ಅಂದರು:

"ಆ ಕರೋಶಿ ಹುಡುಗ ಭಾಳ ಛಲೋ ಆಡ್ತಾನ ಬಾಳು. ನೀನೂ ಅಲ್ಲೇ ಇದ್ದಿಯೇನು?"

ಒಂದೂವರೆ ತಾಸು ಅವರ ಕಣ್ಣ ಮುಂದೆಯೇ ಓಡಿದ್ದೆ. ಆ ದಿನ ಊಟ ಸೇರಲಿಲ್ಲ. ಮರುದಿನ ಸಂಜೆ ಎಲ್ಲರನ್ನೂ ಬೇವಿನ ಗಿಡದ ಕೆಳಗೆ ಕೂರಿಸಿ ಘೋಷಿಸಿದೆ.

"ಇನ್ನಮ್ಯಾಲೆ ಕಲ್ಲಪ್ಪ ಬಲಕ್ಕ ಸೈಡಿಗೆ ಆಡ್ತಾನ. ಮುಂದ ನಾ ನಿಂದರ್ತೀನಿ."

ಗೋಲ್‌ಕೀಪರ್ ದಸ್ತಗೀರ ಪಂಪ್‌ಸೆಟ್ಟು ರಿಪೇರಿ ಮಾಡುವವ. ಕೈಗೆ ಹತ್ತಿದ ಡೀಸೆಲ್ಲನ್ನು ಒರೆಸಿಕೊಳ್ಳುತ್ತಲೇ ತಲೆ ಎತ್ತಿದ. "ಛಲೋ ಓಡಾಕತ್ತಿದ್ದ ಇಂಜಿನ್ ಬಿಚ್ಚೂದ್ಯಾಕೋ ಮಾರಾಯಾ?"

"ಕೊಲ್ಹಾಪುರದಾಗ ಈಗ ಹಿಂಗ ಆಡ್ತಾರ" ಎಂದೆ.

ಮಾತು ಅಲ್ಲಿಗೆ ಮುಗಿಯಿತು. ನಮ್ಮ ಕಡೆ ಬಟ್ಟೆಯ ಹೊಲಿಗೆಯಿಂದ ಹಿಡಿದು ಮಿಸಳಿನ ಖಾರದವರೆಗೆ ಎಲ್ಲ ವಾದವೂ ಕೊಲ್ಹಾಪುರದಲ್ಲಿ ಮುಗಿಯುತ್ತದೆ. ಅಲ್ಲಿ ಯಾರೂ ಹಾಗೆ ಆಡಿದ್ದನ್ನು ನಾನು ಕಂಡಿರಲಿಲ್ಲ. ಕಲ್ಲಪ್ಪ ನನ್ನ ಮುಖವನ್ನು ಒಂದು ಗಳಿಗೆ ನೋಡಿ, "ಆತು ತಗೋ" ಎಂದ. ಜಗಳ ಮಾಡಿದ್ದರೆ ನನಗೆ ಹಗುರಾಗುತ್ತಿತ್ತು. ಅವನು ಶೂ ಲೇಸು ಬಿಗಿದುಕೊಂಡು ಎದ್ದು ಹೋಗಿ ಬಲಗಡೆ ಗೆರೆಯ ಹತ್ತಿರ ನಿಂತ.

ಮುಂದಿನಾಂವನಾಗಿ ನಾನು ಮಾಡಿದ ಸಾಧನೆಗಳಲ್ಲಿ ಕಬ್ಬೂರಿನ ಪಂದ್ಯದ್ದು ದೊಡ್ಡದು. ಕಲ್ಲಪ್ಪ ಬಲದಿಂದ ಓಡಿಬಂದು, ಅವ್ವ ತಾಟಿಗೆ ರೊಟ್ಟಿ ಹಾಕಿದಷ್ಟು ಸರಳವಾಗಿ ಚೆಂಡನ್ನು ನನ್ನ ಕಾಲ ಮುಂದೆ ಹಾಕಿದ. ಎದುರಿಗೆ ಕೀಪರ್ ಕೂಡ ಇರಲಿಲ್ಲ, ಜಾರಿ ಬಿದ್ದಿದ್ದ. ನಾನು ಕಣ್ಣು ಮುಚ್ಚಿ ಒದ್ದೆ. ಚೆಂಡು ಗೋಲಿನ ಮೇಲೆ ಹಾದು, ರಸ್ತೆ ದಾಟಿ, ಆಳೆತ್ತರ ಬೆಳೆದ ಕಬ್ಬಿನೊಳಗೆ ಹೊಕ್ಕಿತು. ಎರಡೂ ತಂಡದವರು ಹುಡುಕಲು ಒಳಗೆ ಹೋದರು. ಎಷ್ಟು ಹೊತ್ತಾದರೂ ಒಬ್ಬರೂ ಹೊರಗೆ ಬರಲಿಲ್ಲ. ಕೊನೆಗೆ ಒಬ್ಬೊಬ್ಬರಾಗಿ ಕಬ್ಬು ಸುಲಿಯುತ್ತ ಬಂದರು, ರೆಫರಿಯ ಕೈಯಲ್ಲಿ ಎರಡು ಜಲ್ಲೆ ಇದ್ದವು. ಚೆಂಡನ್ನು ತಂದವನು ಕಲ್ಲಪ್ಪ. ಅದನ್ನು ನನ್ನ ಕೈಗೆ ಕೊಟ್ಟು, "ಇನ್ನೊಂದ ಕೊಡ್ತೀನಿ, ನಿಂದರು" ಎಂದ. ಇನ್ನೊಂದು ಕೊಟ್ಟ. ಇನ್ನೂ ಮೂರು ಕೊಟ್ಟ. ಅವುಗಳ ಗತಿ ಹೇಳುವುದು ಬೇಡ.

ರಾಯಬಾಗದಲ್ಲೂ ಹಾಗೇ ಆಯಿತು, ಅಥಣಿಯಲ್ಲೂ. ಮುಂದೆ ನಿಂತ ಮೇಲೆ ನನಗೆ ಗೊತ್ತಾದ ಸಂಗತಿಯೆಂದರೆ ಅಲ್ಲಿ ಅಡಗಲು ಜಾಗವಿಲ್ಲ. ಸೈಡಿನಾಂವ ತಪ್ಪಿದರೆ ಪಕ್ಕದವನಿಗೂ ತಿಳಿಯುವುದಿಲ್ಲ, ಮುಂದಿನಾಂವ ತಪ್ಪಿದರೆ ಐದು ಹಳ್ಳಿಗೆ ಗೊತ್ತಾಗುತ್ತದೆ. ಅಂಗಡಿಯಲ್ಲಿ ಈಗ ಎಲ್ಲರೂ ನನ್ನ ಸುದ್ದಿಯನ್ನೇ ಮಾತಾಡುತ್ತಿದ್ದರು. ನಾನು ಬಯಸಿದ್ದೂ ಅದನ್ನೇ ಆದ್ದರಿಂದ ದೂರು ಹೇಳುವ ಹಾಗೂ ಇರಲಿಲ್ಲ. ಅದಕ್ಕಿಂತ ಹೆಚ್ಚಾಗಿ ಚುಚ್ಚುತ್ತಿದ್ದುದು ಕಲ್ಲಪ್ಪನ ಒಳ್ಳೆಯತನ. ಗೆಳೆಯನ ಜಾಗ ಕಸಿದುಕೊಂಡಿದ್ದೆ, ಅವನು ಅದಕ್ಕೆ ಬದಲಾಗಿ ಒಂದರ ಮೇಲೊಂದು ಒಳ್ಳೆಯ ಚೆಂಡು ಕಳಿಸುತ್ತಿದ್ದ. ಮೊದಲು ಆಟ ಮುಗಿದ ಮೇಲೆ ಇಬ್ಬರೂ ಕೂಡಿ ಚಹಾ ಕುಡಿಯುತ್ತಿದ್ದೆವು. ಈಗ ಏನೋ ಕೆಲಸದ ನೆವ ಹೇಳಿ ನಾನೇ ಮೊದಲು ಸೈಕಲ್ ಹತ್ತುತ್ತಿದ್ದೆ.

ಹೀಗಿದ್ದೂ ಉಳಿದವರ ಪುಣ್ಯದಿಂದ ಆ ವರ್ಷದ ಟೂರ್ನಿಯಲ್ಲಿ ಹೇಗೋ ದಾಟಿಕೊಂಡು ಬಂದೆವು, ನಿಪ್ಪಾಣಿಯ ತಂಡದೊಡನೆ ಫೈನಲ್ ಬಂತು. ಅವರ ಮೈದಾನ, ಅವರ ಜನ, ಮರಾಠಿಯಲ್ಲಿ ಕೂಗು, ಗಾಳಿ ಬಿಟ್ಟರೆ ಎಲ್ಲಿಂದಲೋ ತಂಬಾಕಿನ ಘಾಟು. ಅರ್ಧ ಆಟಕ್ಕೆ ಒಂದು ಗೋಲು ಹಿಂದಿದ್ದೆವು. ನಾನು ಎರಡು ಸಲ ಬಿದ್ದಿದ್ದೆ, ಒಂದು ಸಲ ಯಾರೂ ಮುಟ್ಟದೆ. ಲಿಂಬೆಹಣ್ಣು ಚೀಪುತ್ತ ಕೂತಾಗ ಇನ್ನು ತಡೆಯಲಾರದೆ ಕಲ್ಲಪ್ಪನ ಹತ್ತಿರ ಹೋದೆ.

"ಕಲ್ಲಪ್ಪಾ, ನೀ ಮುಂದ ಹೋಗು. ನಾ ಸೈಡಿಗೆ ಬರ್ತೀನಿ."

"ಒಲ್ಲೆ."

"ಸಿಟ್ಟ ಮಾಡಕೋಬ್ಯಾಡೋ. ತಪ್ಪ ನಂದೈತಿ."

"ಸಿಟ್ಟೆಲ್ಲಿಂದು? ನನಗ ಸೈಡಿಗೇ ಛಲೋ ಅನಸ್ತೈತಿ" ಎಂದು ಲಿಂಬೆ ಸಿಪ್ಪೆಯನ್ನು ಉಗುಳಿದ. "ಮುಂದ ನಿಂತ್ರ ಇಬ್ಬರು ಪೈಲವಾನರು ಪಾದದ ಮ್ಯಾಲೆ ನಿಂತಿರ್ತಾರ. ಇಲ್ಲೆ ನೋಡು, ಹೊಲದ ಬದುವಿನ ಮ್ಯಾಲೆ ಓಡಿದಂಗ ಆಗತೈತಿ. ಮುಂದ ಇದ್ದಾಗ ಮಂದಿ ಎಲ್ಲಾ ನನ್ನ ಕಾಲ ನೋಡತಿದ್ರು. ಈಗ ನಾ ಎಲ್ಲಾರನ್ನೂ ನೋಡ್ತೀನಿ."

ಅಷ್ಟು ಉದ್ದ ಅವನು ಮಾತಾಡಿದ್ದನ್ನು ಅದಕ್ಕೂ ಮೊದಲು ಕೇಳಿರಲಿಲ್ಲ. ಕ್ಯಾಪ್ಟನ್ ಎಂಬ ಅಧಿಕಾರದಿಂದ ಹುಕುಂ ಮಾಡಬಹುದಿತ್ತು. ಆದರೆ ಒಂದು ಸಲ ಹುಕುಂ ಮಾಡಿ ಕೆಡಿಸಿದ್ದು ಸಾಕಾಗಿತ್ತು. ದಸ್ತಗೀರ ದೂರದಿಂದಲೇ ಕೂಗಿದ, "ಬಾಳೂ, ಇನ್ನ ನೀ ತಪ್ಪಿಸಿಕೊಳ್ಳಾಂಗಿಲ್ಲ ಬಿಡು!" ತೆಗೆದುಕೊಂಡ ವಸ್ತುವನ್ನು ತಿರುಗಿ ಕೊಡಲು ಹೋದರೆ ಅದರ ಯಜಮಾನನೇ ಬೇಡವೆನ್ನುವುದಕ್ಕಿಂತ ಫಜೀತಿ ಇನ್ನೊಂದಿಲ್ಲ. ಸಿಳ್ಳೆಯಾಯಿತು. ಮತ್ತೆ ಹೋಗಿ ಮುಂದೆ ನಿಂತೆ.

ಎರಡನೇ ಅರ್ಧದಲ್ಲಿ ನಾನು ಮೊದಲ ಸಲ ಕಲ್ಲಪ್ಪನನ್ನು ನೋಡಿದೆ. ಅದುವರೆಗೂ ಅವನತ್ತ ನೋಡಲು ಸಂಕೋಚವಾಗಿ ಚೆಂಡನ್ನಷ್ಟೇ ನೋಡುತ್ತಿದ್ದೆ. ತುದಿಗಾಲಲ್ಲಿ ಗೆರೆಗುಂಟ ಹೋಗುತ್ತಿದ್ದ, ಒಂದಿಂಚೂ ಆಚೆ ಬೀಳದೆ. ಗೆರೆಯ ಪಕ್ಕ ಮಡಚುವ ಕುರ್ಚಿ ಹಾಕಿಕೊಂಡು ಕೂತಿದ್ದ, ಬಿಳಿ ಟೊಪ್ಪಿಗೆಯ ನಿಪ್ಪಾಣಿಯ ಮುದುಕರೊಬ್ಬರು ತಮ್ಮ ತಂಡವನ್ನು ಮರೆತು, "ಶಾಬಾಸ್ ಪೋರಾ, ಚಲ್ ಚಲ್!" ಎಂದು ಕೋಲು ಬೀಸುತ್ತಿದ್ದರು. ಕಲ್ಲಪ್ಪ ಓಡುತ್ತಲೇ ಅವರಿಗೆ ನಕ್ಕು ಹೋಗುತ್ತಿದ್ದ. ಮುಂದಿನಾಂವನಾಗಿ ಆಡುವಾಗ ಅವನು ನಕ್ಕದ್ದು ನನಗೆ ನೆನಪಿಲ್ಲ.

ಆಟ ಮುಗಿಯಲು ಸ್ವಲ್ಪವೇ ಉಳಿದಿತ್ತು. ಅವನು ಇಬ್ಬರನ್ನು ದಾಟಿ ಎತ್ತರಕ್ಕೆ ಒಂದು ಚೆಂಡು ಎತ್ತಿದ. ನಾನು ತಲೆಯಿಂದ ಹೊಡೆಯಬೇಕೆಂದು ಹಾರಿದೆ. ಹಾರಿದ ಮೇಲೆ ಹೆದರಿ ಮುಖ ತಿರುಗಿಸಿದೆ. ಚೆಂಡು ನನ್ನ ಬಲಗಿವಿಗೆ ಫಟ್ ಎಂದು ಬಡಿದು ಗೋಲಿನ ಮೂಲೆಗೆ ಹೋಯಿತು. ಕಿವಿಯಲ್ಲಿ ಗುಂಯ್ ಎನ್ನುವ ಸದ್ದು ಬಿಟ್ಟರೆ ಏನೂ ಕೇಳಿಸಲಿಲ್ಲ. ನನ್ನನ್ನು ಎತ್ತಿ ಕುಣಿಸುತ್ತಿದ್ದಾರೆಂದು ಕಾಲು ನೆಲದಿಂದ ಮೇಲೆದ್ದಾಗಲೇ ತಿಳಿದದ್ದು.

ಪಂದ್ಯ ಸಮವಾಯಿತು. ಕತ್ತಲಾಗುವ ಮೊದಲೇ ಹಿರಿಯರು ಪಂಚಾಯತಿ ಮಾಡಿ, ಗೆದ್ದವರಿಗೆಂದು ಇಟ್ಟಿದ್ದ ಢಾಲನ್ನು ಆರು ತಿಂಗಳು ನಿಪ್ಪಾಣಿ, ಆರು ತಿಂಗಳು ಚಿಕ್ಕೋಡಿ ಇಟ್ಟುಕೊಳ್ಳಬೇಕೆಂದು ತೀರ್ಮಾನಿಸಿದರು. ಮೊದಲ ಆರು ತಿಂಗಳು ನಿಪ್ಪಾಣಿಯವರದು. ಆ ಆರು ತಿಂಗಳು ಇನ್ನೂ ಮುಗಿದಿಲ್ಲ.

ಬಸ್ಸಿನಲ್ಲಿ ನಾನೂ ಕಲ್ಲಪ್ಪನೂ ಒಂದೇ ಸೀಟಿನಲ್ಲಿ ಕೂತಿದ್ದೆವು. ಕಿವಿ ಬಿಸಿ ರೊಟ್ಟಿಯಂತೆ ಉಬ್ಬಿತ್ತು. ಎಲ್ಲವನ್ನೂ ಹೇಳಿಬಿಟ್ಟೆ. ಅಪ್ಪ ಕೇಳಿದ್ದು, ಹೊಟ್ಟೆಕಿಚ್ಚು, ಕೊಲ್ಹಾಪುರದ ಸುಳ್ಳು, ಎಲ್ಲ.

ಕಲ್ಲಪ್ಪ ಮೊದಲು ಮೆಲ್ಲಗೆ, ಆಮೇಲೆ ಸೀಟು ಅಲುಗಾಡುವ ಹಾಗೆ ನಕ್ಕ. "ಅದು ನನಗ ಅವತ್ತೇ ಗೊತ್ತಾಗಿತ್ತು. ಎಲ್ಲಾರಿಗೂ ಗೊತ್ತಿತ್ತು. ನೀ ಹೋದ ಮ್ಯಾಲೆ ದಸ್ತಗೀರ ಜಗಳಾ ತಗೀತೀನಿ ಅಂತ ಎದ್ದಿದ್ದ, ನಾನೇ ಸುಮ್ಮ ಕೂಡಿಸಿದೆ."

"ಯಾಕ?"

"ಜಗಳಾ ಆದ್ರ ನೀ ಸೋತು ಮತ್ತ ಸೈಡಿಗೆ ಬರ್ತಿದ್ದಿ. ನಾ ಮತ್ತ ಆ ಪೈಲವಾನರ ಕೈಯಾಗ ಸಿಗತಿದ್ದೆ."

ಇಷ್ಟು ದಿನ ಅವನಿಗೆ ಅನ್ಯಾಯ ಮಾಡಿದೆನೆಂದು ನಾನು ಕೊರಗುತ್ತಿದ್ದೆ, ಅವನು ನನ್ನನ್ನು ಮುಂದೆ ದೂಡಿ ತಾನು ಆರಾಮಾಗಿದ್ದ! ಕೋಪ ಬರಬೇಕಿತ್ತು, ನಗು ಬಂತು. ಆಮೇಲೆ ನಾಲ್ಕು ವರ್ಷ ಹಾಗೇ ಆಡಿದೆವು. ನನ್ನ ಗೋಲುಗಳು ಕೈಬೆರಳೆಣಿಕೆಯಲ್ಲೇ ಮುಗಿದವು, ಆದರೆ ಆಟ ಮುಗಿದ ಮೇಲಿನ ಚಹಾ ಒಂದು ದಿನವೂ ತಪ್ಪಲಿಲ್ಲ.

ಆ ಸಂಜೆ ನಗು ನಿಂತ ಮೇಲೆ ಕಲ್ಲಪ್ಪ ಮೊಣಕೈಯಿಂದ ನನ್ನನ್ನು ತಿವಿದ. "ಲೇ, ಸ್ವಲ್ಪ ಏಳು. ನಾ ಕಿಟಕಿ ಕಡೆ ಕುಂದರ್ತೀನಿ."

ಕಿಟಕಿಯ ಗಾಳಿ ನನ್ನ ಕಿವಿಗೆ ತಂಪಾಗಿ ಬಹಳ ಹಿತವಾಗಿತ್ತು. ಆದರೂ ಎದ್ದು ಜಾಗ ಕೊಟ್ಟೆ.