ಭಂಡಾರ ಹತ್ತದ ಗಿಡ

ಮೇಡಂ, ಆ ಗೋಧಿ ಗಿಡವನ್ನು ಕುರಿ ತಿನ್ನಲಿಲ್ಲ. ನಾನು ಕೊಯ್ದೆ. ಕುರಿ ತಿಂದಿತು ಎಂದು ನಿಮ್ಮ ಮುಖ ನೋಡಿ ಸುಳ್ಳು ಹೇಳಿದವಳೂ ನಾನೇ.

ನಾನು ಓದಿದ್ದು ಮೂರನೇ ಕ್ಲಾಸು. ಬರೆಯುವುದು ತಡ, ತಪ್ಪೂ ಇರುತ್ತದೆ. ಆದರೆ ಇದನ್ನು ಮೊಮ್ಮಕ್ಕಳ ಕೈಯಲ್ಲಿ ಬರೆಸಲಾರೆ.

ಪಾಪಿನಾಯಕನಹಳ್ಳಿಯ ಆ ಹೊಲ ನಿಮಗೆ ನೆನಪಿರಬೇಕು. ಗೋಧಿ ಎಲೆಗೆ ಭಂಡಾರ ಬೀಳುವ ರೋಗ — ಮುಟ್ಟಿದರೆ ಬೆರಳಿಗೆಲ್ಲ ಅರಿಶಿನ ಕುಂಕುಮ ಕಲಸಿದಂತೆ ಪುಡಿ — ಅದನ್ನು ತಡೆಯುವ ತಳಿ ಹುಡುಕಲು ಬಂದಿದ್ದಿರಿ. ತಳಿಗೆ ತಳಿ ಕೂಡಿಸಿದ ಬೀಜ ಬಿತ್ತಿಸಿದಿರಿ. ಸುತ್ತಲೂ ಬೇಗ ರೋಗ ಹತ್ತುವ ಗೋಧಿಯ ಸಾಲು ಹಾಕಿಸಿ, ಯಾವ ಗಿಡ ತಾಳುತ್ತದೆ ನೋಡಲೆಂದು ರೋಗದ ಪುಡಿಯನ್ನು ನೀರಿಗೆ ಕಲಸಿ ನೀವೇ ಸಿಂಪಡಿಸಿದಿರಿ. ಕೂಲಿಗೆ ಬಂದ ನಮ್ಮ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು.

"ಮಂದಿ ರೋಗ ಓಡಸ್ತಾರ, ಈಯವ್ವ ಕರದು ಕುಂದ್ರಸ್ತಾಳ ನೋಡ್ರೇ!"

ನಾನು ಅವರ ಮುಂದಾಳು. ಒಂದು ತೆನೆ ಮುರಿದರೂ ನಾಳೆಯಿಂದ ಕೆಲಸವಿಲ್ಲ ಎಂದು ಅವರನ್ನು ಗದರುತ್ತಿದ್ದೆ.

ಹೊಲವೆಲ್ಲ ಭಂಡಾರ ಬಿದ್ದು ಕೆಂಪಾಯಿತು. ನಡುವೆ ಒಂದೇ ಒಂದು ಗಿಡ ಹಸಿರು, ಈಗ ತಾನೇ ತೊಳೆದಿಟ್ಟಂತೆ. ನಮ್ಮ ಮನೆಗಳಲ್ಲಿ ಪೀಕಿನ ಮೊದಲ ತೆನೆಯನ್ನು ಬಾಗಿಲಿಗೆ ಕಟ್ಟುತ್ತೇವೆ. ಕಲೆ ಇಲ್ಲದ್ದನ್ನೇ ಆರಿಸಬೇಕು, ಅದು ರೂಢಿ. ಕಾಳು ಗಟ್ಟಿಯಾಗುವ ಹೊತ್ತಿಗೆ ಒಂದು ಸಂಜೆ ಎಲ್ಲರನ್ನೂ ಮುಂದೆ ಕಳಿಸಿ, ಆ ಗಿಡವನ್ನು ಬುಡಕ್ಕೇ ಕೊಯ್ದು ತೆನೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡೆ. ಅದೇ ನೀವು ಹುಡುಕುತ್ತಿದ್ದ ಗಿಡವೆಂದು ನನಗೆ ಗೊತ್ತಿರಲಿಲ್ಲ — ಎಂದು ಬರೆಯಲು ಹೊರಟಿದ್ದೆ. ಪೂರ್ತಿ ಗೊತ್ತಿರಲಿಲ್ಲ, ನಿಜ. ಆದರೆ ಎಲ್ಲರನ್ನೂ ಮುಂದೆ ಯಾಕೆ ಕಳಿಸಿದೆ?

ಮರುದಿನ ಆ ಗಿಡಕ್ಕೆ ಗುರುತು ಕಟ್ಟಲು ನೀವು ಚೀಟಿ, ಕೆಂಪು ದಾರ ಹಿಡಿದು ಬಂದಿರಿ. ಖಾಲಿ ಬುಡದ ಮುಂದೆ ಕುಕ್ಕರಿಸಿದಿರಿ.

"ಹುಲಿಗೆಮ್ಮ, ಇಲ್ಲಿದ್ದ ಗಿಡ ಏನಾಯ್ತು? ಅದರದ್ದು ಒಂದು ಕಾಳು ಸಿಕ್ಕರೂ ಸಾಕು..."

ಒಂದು ಕಾಳು! ನನ್ನ ಬಾಗಿಲಲ್ಲಿ ಐದು ತೆನೆ ತೂಗುತ್ತಿದ್ದವು. ಓಡಿಹೋಗಿ ತಂದುಕೊಡಬಹುದಿತ್ತು. ಹೆಂಗಸರೆಲ್ಲ ನನ್ನನ್ನೇ ನೋಡುತ್ತಿದ್ದರು.

"ಮೈಲಪ್ಪನ ಕುರಿ ತಿಂದಿರಬೇಕ್ರಿ ಮೇಡಂ. ಹಸರು ಇದ್ದದ್ದು ಅದೊಂದ ಅಲ್ಲೇನ್ರಿ?"

ಅವರ ಮುಂದೆ ಕಳ್ಳಿ ಎನಿಸಿಕೊಳ್ಳಲು ನನ್ನಿಂದ ಆಗಲಿಲ್ಲ. ಮಧ್ಯಾಹ್ನ ಬುತ್ತಿಯ ಹೊತ್ತಿಗೆ ಮನೆಗೆ ಹೋಗಿ, ತೆನೆ ಇಳಿಸಿ, ಅಂಗೈಯಲ್ಲಿ ತಿಕ್ಕಿ ಕಾಳನ್ನೆಲ್ಲ ಕೋಳಿಗೆ ಹಾಕಿದೆ. ಕೊಯ್ದದ್ದು ಆಸೆಯಿಂದ. ಕೋಳಿಗೆ ಹಾಕಿದ್ದು — ಅದು ತಿಳಿದೂ ತಿಳಿದು ಮಾಡಿದ್ದು.

ಮೈಲಪ್ಪ ಕುರಿ ಕಾಯುವವನು, ನಮ್ಮ ಓಣಿಯವನೇ. ಕೊಯ್ಲಾದ ಹೊಲಗಳಲ್ಲಿ ಅವನ ಹಿಂಡು ನಿಲ್ಲುತ್ತಿತ್ತು. ಆ ವರ್ಷ ಹೊಲದ ಧಣಿ ನನ್ನ ಮಾತು ನಂಬಿ ಬೇಡವೆಂದ. ಅವನನ್ನು ನೋಡಿ ಉಳಿದವರೂ ಬೇಡವೆಂದರು. ಮೇವು ಹುಡುಕಿ ಅವನು ದರೋಜಿ ಕಡೆ ನಡೆದ, ಕರಡಿ ಓಡಾಡುವ ಗುಡ್ಡಗಳ ಕಡೆ. ನೀವೂ ಮರುವರ್ಷ ಬರಲಿಲ್ಲ. ಅಂಥ ಗಿಡ ನಿಮಗೆ ಬೇರೆಲ್ಲಾದರೂ ಸಿಕ್ಕಿತೋ, ಇಲ್ಲವೋ...

ಮೊನ್ನೆ ಮೈಲಪ್ಪನ ಮನೆಗೆ ಹೋಗಿ ಎಲ್ಲ ಹೇಳಿದೆ. ಅವನು ಬೀಡಿ ನೆಲಕ್ಕೆ ಒತ್ತಿ ಆರಿಸಿದ.

"ಅವತ್ತು ನನ್ನ ಕುರಿ ಕಂಪ್ಲಿ ಹಾದ್ಯಾಗ ಇದ್ವು. ನಿನಗ ಗೊತ್ತಿತ್ತಲ್ಲ?"

"ಗೊತ್ತಿತ್ತು."

"ಬಾಯಾಗಿನ ಹಲ್ಲು ಉದುರಿದ ಮ್ಯಾಲ ಬಂದಿ. ಕುರಿ ತಿಂದಿಲ್ಲಂತ ನನಗೇನ್ ಹೇಳ್ತಿ? ನನಗ ಮೊದ್ಲ ಗೊತ್ತೈತಿ. ಆ ಮೇಡಂಗ ಹೇಳು ಹೋಗು."

ಕುಂದ್ರು ಎನ್ನಲಿಲ್ಲ. ಎನ್ನಬೇಕಾಗಿಯೂ ಇರಲಿಲ್ಲ.

ನೀವು ಈಗ ಎಲ್ಲಿದ್ದೀರೋ ತಿಳಿಯದು. ಓದಿದವರು ಯಾರಾದರೂ ಮುಟ್ಟಿಸಲಿ. ಕ್ಷಮಿಸಿ ಎಂದು ಕೇಳುವುದಿಲ್ಲ. ಹೊಲದಲ್ಲಿ ಆದದ್ದನ್ನೆಲ್ಲ ನೀವು ಬರೆದಿಡುತ್ತಿದ್ದಿರಲ್ಲ, ಆ ವರ್ಷದ ಪುಸ್ತಕ ಇನ್ನೂ ಇದ್ದರೆ ತೆಗೆಯಿರಿ. ಕುರಿ ಎಂದು ಬರೆದ ಕಡೆ ಗೀಟು ಎಳೆದು ನನ್ನ ಹೆಸರು ಬರೆಯಿರಿ.